ಗುವಾಂಗ್‌ಝೌಗೆ ಹೊರಡುವ ಮುಂಚೆ

ನವೆಂಬರ್ ಕೊನೆಗೆ ದಕ್ಷಿಣ ಚೀನಾದ ಗುವಾಂಗ್‌ಝೌ ನಗರಕ್ಕೆ ಹೋಗೋಣ ಅಂತ ನಾನೂ ಅಕ್ಕನೂ ತೀರ್ಮಾನ ಮಾಡಿದ್ದೇವೆ. ಮೊದಲು ಅಕ್ಟೋಬರ್ ಅಂದುಕೊಂಡಿದ್ದೆವು, ಆದರೆ ಆಗ ಅಲ್ಲಿ ಕ್ಯಾಂಟನ್ (ಆ ಊರಿನ ಹಳೇ ಹೆಸರು) ವ್ಯಾಪಾರ ಮೇಳ ಇರುತ್ತದೆ, ಹೋಟೆಲ್ ಬಾಡಿಗೆ ಎಲ್ಲೆಲ್ಲೋ ಹೋಗುತ್ತದೆ. ನವೆಂಬರ್ ಕೊನೆಗೆ ಮಳೆಯೂ ಕಡಿಮೆ, ಸೆಕೆಯೂ ಇಳಿದಿರುತ್ತದೆ.

ಅಕ್ಕನಿಗೆ 600 ಮೀಟರ್ ಎತ್ತರದ ಕ್ಯಾಂಟನ್ ಟವರ್ ಹತ್ತಬೇಕು, ರಾತ್ರಿ ಪರ್ಲ್ ನದಿಯಲ್ಲಿ ದೋಣಿ ಹತ್ತಬೇಕು. ಸರಿ, ಅದೂ ಆಗಲಿ. ನನ್ನ ಮನಸ್ಸು ಮಾತ್ರ ಗುವಾಂಗ್‌ಶಿಯಾವ್ ದೇವಾಲಯದ ಅರಳಿಮರದ ಹತ್ತಿರವೇ ನಿಂತಿದೆ. ಭಾರತದಿಂದ ಹಡಗಿನಲ್ಲಿ ಬಂದ ಒಬ್ಬ ಭಿಕ್ಷು ಸುಮಾರು 1500 ವರ್ಷದ ಹಿಂದೆ ಅಲ್ಲಿ ಒಂದು ಅರಳಿ ಸಸಿ ನೆಟ್ಟರಂತೆ, ಮುಂದೆ 676ರಲ್ಲಿ ಝೆನ್ (ಚಾನ್) ಬೌದ್ಧ ಪಂಥದ ದೊಡ್ಡ ಗುರು ಹುಯಿನೆಂಗ್ ಅದರ ಕೆಳಗೇ ತಲೆ ಬೋಳಿಸಿಕೊಂಡು ಸನ್ಯಾಸಿಯಾದರು ಅನ್ನುತ್ತಾರೆ. ಈಗಿರುವುದು ಆ ಮರವಲ್ಲ, ಹಳೆಯದು ಬಿರುಗಾಳಿಗೆ ಬಿದ್ದ ಮೇಲೆ ಬೆಳೆಸಿದ್ದು. ಪರವಾಗಿಲ್ಲ. ನಮ್ಮ ಮನೆ ಮುಂದಿನ ಕಟ್ಟೆಯಲ್ಲೂ ಅರಳಿ ಇದೆ, ಗಾಳಿ ಇಲ್ಲದಿದ್ದರೂ ಅದರ ಎಲೆ ತುದಿ ಸುಮ್ನೆ ನಡುಗುತ್ತಿರುತ್ತದೆ. ಅಲ್ಲೂ ಹಾಗೇ ನಡುಗುತ್ತಿರಬೇಕು ಅಲ್ವಾ? ಅಷ್ಟು ದೂರ ಸಮುದ್ರ ದಾಟುವಾಗ ಆ ಸಸಿಗೆ ಕುಡಿಯುವ ನೀರಲ್ಲೇ ಪಾಲು ಕೊಟ್ಟಿರಬೇಕು ಅಂತ ನೆನೆದರೆ ಎದೆ ತುಂಬಿ ಬರುತ್ತದೆ.

ಬೆಳಗ್ಗೆ ಯಮ್ ಚಾ, ಅಂದರೆ ಚಹಾ ಜೊತೆ ಡಿಮ್ ಸಮ್ ಅನ್ನುವ ಪುಟ್ಟ ಪುಟ್ಟ ತಿಂಡಿಗಳು. ಯಾರಾದರೂ ಚಹಾ ಬಗ್ಗಿಸಿದರೆ ಎರಡು ಬೆರಳಲ್ಲಿ ಮೇಜು ತಟ್ಟಿದರೆ ಥ್ಯಾಂಕ್ಸ್ ಹೇಳಿದ ಹಾಗೆ. ಅಕ್ಕ ಈಗಲೇ ಕಾಫಿ ಲೋಟದ ಪಕ್ಕ ಅಭ್ಯಾಸ ಮಾಡುತ್ತಿದ್ದಾಳೆ.