ಎತ್ತಿಡಬಾರದ ಬಿಯರ್

ಇವತ್ತು ಕ್ಯಾಲಿಫೋರ್ನಿಯಾದ ಸಾಂತಾ ರೋಸಾದಲ್ಲಿ ಪ್ಲಿನಿ ದಿ ಎಲ್ಡರ್ ಅನ್ನೋ ಬಿಯರ್ ಕುಡಿದೆ. ರಷ್ಯನ್ ರಿವರ್ ಬ್ರೂವರಿಯವರ ಡಬಲ್ ಐಪಿಎ, ಅಂದರೆ ಕಹಿಗೂ ಘಮಕ್ಕೂ ಹಾಕುವ ಹಾಪ್ಸ್ ಹೂವು ಜಾಸ್ತಿ ಇರುವ ಬಿಯರ್. ಆಲ್ಕೋಹಾಲ್ 8%.

ಗ್ಲಾಸ್ ಬಾಯಿಗೆ ತರುವ ಮೊದಲೇ ವಾಸನೆ ಮೂಗಿಗೆ ಬಂತು. ಚಕ್ಕೋತದ ಸಿಪ್ಪೆಯನ್ನು ಉಗುರಲ್ಲಿ ಗೀರಿದಾಗ ಬರುತ್ತಲ್ಲ, ಅದೇ. ಹಿಂದೆಯೇ ಪೈನ್ ಮರದ ಅಂಟಿನ ಘಾಟು. ಆಮೇಲೆ ಕಹಿ. ನಾಲಿಗೆಯ ಹಿಂಬದಿಯಲ್ಲಿ ಕೂತುಬಿಟ್ಟಿತು, ಏಳಲೇ ಇಲ್ಲ. ಇನ್ನೊಂದು ಗುಟುಕು ಬೇಕು ಅನ್ನಿಸುವಂಥ ಕಹಿ, ಎಷ್ಟು ಚೆನ್ನಾಗಿತ್ತು!

ಬಾಟಲಿ ಮೇಲೆಯೇ ಬರೆದಿದ್ದಾರೆ, ಎತ್ತಿಡಬೇಡಿ, ತಾಜಾ ಇರುವಾಗಲೇ ಕುಡಿಯಿರಿ ಅಂತ. ಹಾಪ್ಸ್ ಹೂವಿನ ಎಣ್ಣೆಯ ಘಮ ಬೇಗ ಇಳಿದುಹೋಗುತ್ತದೆ. ನಾವೋ, ಒಳ್ಳೆಯದನ್ನೆಲ್ಲ ಹಬ್ಬಕ್ಕಿರಲಿ ಅಂತ ಕಾಪಾಡುವವರು, ಅಲ್ವಾ?

ಊರಿಗೆ ಬರುವಾಗ ಒಂದು ಬಾಟಲಿ ತಾ ಅಂದಿದ್ದಾನೆ ಗೆಳೆಯ. ಬೇಡ, ಅವನನ್ನೇ ಇಲ್ಲಿಗೆ ಕರೆಸಿಕೊಳ್ಳುತ್ತೇನೆ.