ಕೆಲಸದಲ್ಲಿ ಮಜಾ ಮಾಡೋಕೆ ನಿಮಗೆ ಟೈಮ್ ಹೇಗೆ ಸಿಗುತ್ತೆ?

ಸಿಗುವುದಿಲ್ಲ. ಇಷ್ಟು ವರ್ಷ ನಗುನಗುತ್ತಾ ಏನೇನೋ ಹೇಳಿ ಜಾರಿಕೊಂಡೆ, ಇನ್ನು ಸಾಕು. ಲೆಕ್ಕಪತ್ರದ ಕೆಲಸ ಮಾಡುವವಳು ಖುಷಿಯಾಗಿರುವುದನ್ನು ಕಂಡರೆ ಜನ ತಪ್ಪದೆ ಕೇಳುವ ಪ್ರಶ್ನೆ ಇದು. ಅದರಲ್ಲಿರುವ ‘ಟೈಮ್’ ಎಂಬ ಮಾತೇ ನನ್ನನ್ನು ಕೆರಳಿಸುವುದು. ಕೆಲಸವೆಲ್ಲ ಮುಗಿದ ಮೇಲೆ ಏನಾದರೂ ಮಿಕ್ಕಿದರೆ ಅದು ಮಜಾಕ್ಕೆ ಎಂದು ಕೇಳುವವರು ಮೊದಲೇ ತೀರ್ಮಾನಿಸಿರುತ್ತಾರೆ. ಹಾಗೆ ಕಾದು ಕೂತವರಿಗೆ ಏನಾದರೂ ಮಿಕ್ಕಿದ್ದನ್ನು ನಾನಂತೂ ನೋಡಿಲ್ಲ.

ಒಂದು ಸಂಜೆಯ ಸಂಗತಿ ಹೇಳುತ್ತೇನೆ. ವರ್ಷದ ಲೆಕ್ಕ ಮುಗಿಸುವ ವಾರ. ಬ್ಯಾಂಕ್ ಸ್ಟೇಟ್‌ಮೆಂಟಿಗೂ ನಮ್ಮ ಪುಸ್ತಕಕ್ಕೂ ತಾಳೆಯಾಗುತ್ತಿಲ್ಲ, ವ್ಯತ್ಯಾಸ 360. ವ್ಯತ್ಯಾಸ 9ರಿಂದ ಪೂರ್ತಿ ಭಾಗವಾದರೆ ಎಲ್ಲೋ ಅಂಕಿಗಳು ಅದಲುಬದಲಾಗಿರಬಹುದು ಎಂಬುದು ನಮ್ಮ ಕಸುಬಿನ ಹಳೆಯ ಉಪಾಯ. 360 ಭಾಗವಾಗುತ್ತದೆ, 40 ಸಲ. ಅಂದರೆ ಬಹುಶಃ ನೂರರ ಅಂಕಿಯೂ ಹತ್ತರ ಅಂಕಿಯೂ ಜಾಗ ಬದಲಿಸಿವೆ, ಅವೆರಡರ ನಡುವಿನ ಅಂತರ 4. ನಾನು, ಪಕ್ಕದ ಸೀಟಿನ ಗೆಳತಿ ಪುಟಗಳನ್ನು ಹಂಚಿಕೊಂಡು ಪಂದ್ಯಕ್ಕೆ ಬಿದ್ದೆವು. 5,841 ಇರಬೇಕಾದ ಕಡೆ 5,481 ಕಣ್ಣಿಗೆ ಬಿದ್ದಾಗ ‘ಸಿಕ್ತು!’ ಎಂದು ಕಿರುಚಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮ್ಯಾನೇಜರ್ ಹೊರಗೆ ಬಂದರು. ‘ಏನ್ರೀ, ಇಲ್ಲಿ ಕೆಲಸ ನಡೀತಿದೆಯೋ ಆಟ ನಡೀತಿದೆಯೋ?’

ತಲೆ ತಗ್ಗಿಸಿದೆ. ತಗ್ಗಿಸಬಾರದಿತ್ತು. ತಪ್ಪು ಸಿಕ್ಕಿದ್ದೇ ಆಟದಿಂದ.

ಕೆಲವು ತಿಂಗಳು ಕಳೆದು ಅದೇ ಆಫೀಸಿನಲ್ಲಿ ಶುಕ್ರವಾರದ ‘ಫನ್ ಅವರ್’ ಶುರುವಾಯಿತು. ಹಾಜರಿ ಕಡ್ಡಾಯ, ಗೆದ್ದವರಿಗೆ ಬಹುಮಾನ. ಆ ಒಂದು ಗಂಟೆಯ ಕೆಲಸಕ್ಕೆ ಎಲ್ಲರೂ ರಾತ್ರಿ ಕೂರಬೇಕಾಗುತ್ತಿತ್ತು. ನನ್ನ ಗೆಳತಿ ಅಲ್ಲಿ ಒಮ್ಮೆಯೂ ನಕ್ಕಿದ್ದು ನೆನಪಿಲ್ಲ.

ಯಾಕೆಂದು ತಿಳಿಯಲು 1973ರ ಒಂದು ಪ್ರಯೋಗ ನೋಡಿ. ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಬಹುಮಾನ ಕೊಡುತ್ತೇವೆ ಎಂದು ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಮೊದಲೇ ಹೇಳಿದರು. ಮುಂದೆ, ಬಿಡಿಸಿ ಎಂದು ಯಾರೂ ಹೇಳದೆ ಬಿಟ್ಟಾಗ, ಆ ಮಕ್ಕಳು ಬಣ್ಣದ ಪೆನ್ನು ಹಿಡಿದದ್ದು ಉಳಿದವರಿಗಿಂತ ತೀರಾ ಕಡಿಮೆ. ಮೊದಲೇ ಹೇಳದೆ ಬಹುಮಾನ ಕೊಟ್ಟಿದ್ದ ಮಕ್ಕಳ ಆಸೆ ಮಾತ್ರ ಕುಗ್ಗಿರಲಿಲ್ಲ.

‘ಆಟ ಆಡಿದರೆ ಕೆಲಸ ಕೆಡುತ್ತೆ’ ಎನ್ನುವವರಿಗೆ ಆಂದ್ರೆ ಗೈಮ್ ಇದ್ದಾರೆ. ಅಯಸ್ಕಾಂತದ ಬಲದಿಂದ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿದ ವಿಜ್ಞಾನಿ. ಅದಕ್ಕೆ 2000ದಲ್ಲಿ, ನಗಿಸುವ ಸಂಶೋಧನೆಗಳಿಗೆಂದೇ ಇರುವ ಇಗ್ ನೊಬೆಲ್ ಬಂತು. ಶುಕ್ರವಾರ ಸಂಜೆಯ ಪ್ರಯೋಗಗಳು ಎಂಬ ಅವರ ಅಭ್ಯಾಸದಲ್ಲೇ ಅಂಟುಟೇಪಿನಿಂದ ಗ್ರಾಫೈಟಿನ ಪದರ ಸುಲಿಯುತ್ತಾ ಹೋಗಿ, ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ, ಗ್ರಾಫೀನ್, ಸಿಕ್ಕಿತು. 2010ರಲ್ಲಿ ನಿಜವಾದ ನೊಬೆಲ್. ಅವರದೂ ಶುಕ್ರವಾರವೇ, ಆದರೆ ಅಲ್ಲಿ ಯಾರೂ ಹಾಜರಿ ಹಾಕಿಸಿಕೊಳ್ಳಲಿಲ್ಲ.

ಮೂವರ ಕೆಲಸ ಒಬ್ಬರ ತಲೆಗೆ ಕಟ್ಟಿದ್ದರೆ ನನ್ನ ಈ ಮಾತು ಯಾವುದೂ ನಡೆಯುವುದಿಲ್ಲ. ಅಂಥವರಿಗೆ ಇನ್ನೂ ಇಬ್ಬರು ಬೇಕು. ಖುಷಿಯಾಗಿರಿ ಎಂದು ಅವರಿಗೆ ಬುದ್ಧಿ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಟೈಮಿನ ವಿಷಯ ಬಿಟ್ಟು, ‘ನಿಮ್ಮ ಕೆಲಸದಲ್ಲಿ ಮಜಾ ಇರೋದು ಎಲ್ಲಿ?’ ಎಂದು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೆ. ಕಳೆದ ತಿಂಗಳು ಹೊಸದಾಗಿ ಸೇರಿದ ಹುಡುಗಿ ಕೇಳಿದಳು. 9ರ ಕಥೆ ಹೇಳಿದೆ. ಮರುದಿನ ಬೆಳಿಗ್ಗೆ ನಾನು ಬ್ಯಾಗ್ ಇಳಿಸುವ ಮೊದಲೇ ಓಡಿಬಂದಳು.

‘ಮೇಡಂ, 198!’

ಮನಸ್ಸಿನಲ್ಲೇ ಭಾಗಿಸಿದೆ. 22.

‘ಅರ್ಧ ಪುಟಗಳು ನಿನಗೆ, ಅರ್ಧ ನನಗೆ’ ಎಂದು ಕುರ್ಚಿ ಎಳೆದುಕೊಂಡೆ.