ಹಾಲು ಬಂದಿತ್ತಾ?

ಚಿಕ್ಕಮ್ಮನನ್ನು ಐಸಿಯುನಿಂದ ವಾರ್ಡಿಗೆ ತಂದಿದ್ದಾರೆ. ಬೆಳಗ್ಗೆ ಎರಡು ಇಡ್ಲಿ ತಿಂದು, ಚಟ್ನಿಗೆ ಉಪ್ಪೇ ಇಲ್ಲ ಅಂತ ಚಿಕ್ಕಪ್ಪನಿಗೆ ಬೈದಳಂತೆ. ಬೈಯುವಷ್ಟು ಜೀವ ಬಂದಿದೆ ಅಂದ ಮೇಲೆ ಇದನ್ನು ಬರೆಯೋಕೆ ನನಗೂ ಧೈರ್ಯ ಬಂತು.

ಆಗಿದ್ದು ಇಷ್ಟು. ಶನಿವಾರದಿಂದ ವಾಂತಿ ಭೇದಿ. ಊರಲ್ಲಿ ಜಾತ್ರೆ, ಎಲ್ಲರಿಗೂ ಹೊಟ್ಟೆ ಕೆಟ್ಟಿತ್ತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಉಳಿದವರು ಮಜ್ಜಿಗೆ ಕುಡಿದು ಎದ್ದು ಕೂತರು. ಚಿಕ್ಕಮ್ಮ ಮಾತ್ರ ಸೋಮವಾರ ಬೆಳಗ್ಗೆ ಎಬ್ಬಿಸಿದರೆ ಏಳಲಿಲ್ಲ. ಮೈ ತಣ್ಣಗೆ, ಕಣ್ಣು ಅರೆ ತೆರೆದಿದೆ, ಕೇಳಿದ್ದಕ್ಕೆ ಏನೇನೋ ಉತ್ತರ. ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ 70, ಸಕ್ಕರೆ 48. ಬಾಟಲಿ ಮೇಲೆ ಬಾಟಲಿ ಸಲೈನ್ ಹೋಯಿತು. ಬಿಪಿ ಮೇಲೇಳಲಿಲ್ಲ. ಅಲ್ಲಿದ್ದ ಹುಡುಗ ಡಾಕ್ಟರು ಪಾಪ, ತಮ್ಮ ಕೈಲಾದದ್ದೆಲ್ಲ ಮಾಡಿ, ತಡ ಮಾಡದೆ ಆಂಬುಲೆನ್ಸ್ ಹತ್ತಿಸಿದರು. ತಡ ಮಾಡದೇ ಇರುವುದೂ ಒಂದು ಚಿಕಿತ್ಸೆಯೇ. ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ನಾನು ಬ್ಯಾಂಕಿಗೆ ರಜೆ ಹಾಕಿ ಓಡಿಬರುವಷ್ಟರಲ್ಲಿ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಮಲಗಿಸಿದ್ದರು. ಸೋಡಿಯಂ 112 ಅಂತ ಯಾರೋ ಹೇಳಿದರು. ಅದು 135ಕ್ಕಿಂತ ಜಾಸ್ತಿ ಇರಬೇಕಂತೆ. ಭೇದಿಯಿಂದ ಸೋಂಕು ರಕ್ತಕ್ಕೆ ಇಳಿದಿದೆ, ಅದರಿಂದ ಶಾಕ್ (ಬಿಪಿ ಕುಸಿದು ಅಂಗಾಂಗಗಳಿಗೆ ರಕ್ತ ಸಾಲದ ಸ್ಥಿತಿ) ಅಂತ ಜೂನಿಯರ್‌ಗಳು ಮಾತಾಡಿಕೊಳ್ಳುತ್ತಿದ್ದರು. ಆಗ ಬಂದರು ಆ ಡಾಕ್ಟರಮ್ಮ. ಐವತ್ತರ ಆಸುಪಾಸು, ಒರಟು ಮಾತು, ಯಾರ ಮುಖವನ್ನೂ ನೋಡದೆ ನೇರ ರೋಗಿಯ ಹತ್ತಿರ ಹೋಗುವ ಪೈಕಿ. ಚಿಕ್ಕಮ್ಮನ ಹುಬ್ಬಿನ ಮೇಲೆ ಬೆರಳಾಡಿಸಿದರು. ಹುಬ್ಬಿನ ಹೊರತುದಿ ಹೆಚ್ಚೂಕಡಿಮೆ ಬೋಳು. ಅಂಗೈ ತಿರುಗಿಸಿ ನೋಡಿದರು. ಪರದೆ ಎಳೆದು ತೋಳೆತ್ತಿ ಕಂಕುಳು ನೋಡಿದರು. ಅಲ್ಲಿ ಒಂದು ಕೂದಲೂ ಇರಲಿಲ್ಲ. ಆಮೇಲೆ ನಮ್ಮ ಕಡೆ ತಿರುಗಿದರು.

"ಹೆರಿಗೆ ಎಲ್ಲಾಯ್ತು? ರಕ್ತ ಜಾಸ್ತಿ ಹೋಗಿತ್ತಾ?"

ಚಿಕ್ಕಪ್ಪ ಬೆಬ್ಬೆಬ್ಬೆ ಅಂದ. ಅವಳ ಮಗ ಈಗ ಸೆಕೆಂಡ್ ಪಿಯುಸಿ. ಭೇದಿ ಅಂತ ಕರೆದುಕೊಂಡು ಬಂದರೆ ಈಯಮ್ಮ ಹೆರಿಗೆ ಕೇಳ್ತಾಳಲ್ಲ ಅನ್ನೋ ಹಾಗೆ ನನ್ನ ಮುಖ ನೋಡಿದ. "ಗಂಡಸರನ್ನ ಒಳಗೆ ಬಿಡಲ್ವಲ್ಲ ಮೇಡಂ" ಅಂದ. ಉತ್ತರ ಬಂದಿದ್ದು ಅಜ್ಜಿಯಿಂದ.

"ಮೂರು ಸೀರೆ ನೆಂದೋಗಿದ್ವು ಕಣವ್ವ. ಮಾಸು ಬೀಳ್ಲೇ ಇಲ್ಲ ಬೇಗ."

"ಹಾಲು ಬಂದಿತ್ತಾ?"

"ಎಲ್ಲಿ ಬಂತು! ಒಂದ್ ತೊಟ್ಟಿಲ್ಲ. ಹಸೀನ ಹಾಲಾಕಿ ನಾನೇ ಸಾಕ್ದೆ ಆ ಮಗೀನ."

"ಆಮೇಲೆ ಮುಟ್ಟಾಗಿದ್ದಾಳಾ?"

ಅಜ್ಜಿ ಸುಮ್ಮನಾದಳು. ಚಿಕ್ಕಪ್ಪ ಗೋಡೆ ನೋಡಿದ. ಚಿಕ್ಕಮ್ಮ ಆ ಮಂಪರಿನಲ್ಲೇ ತಲೆ ಅಡ್ಡಕ್ಕೆ ಆಡಿಸಿದಳು. ಡಾಕ್ಟರಮ್ಮ ಪಕ್ಕದ ಹುಡುಗಿಗೆ ಹೇಳಿದರು: "ಕಾರ್ಟಿಸಾಲ್‌ಗೆ ಬ್ಲಡ್ ತಗೊಂಡು ಹೈಡ್ರೋಕಾರ್ಟಿಸೋನ್ 100 ಕೊಡಿ. ರಿಪೋರ್ಟ್ ಕಾಯಬೇಡಿ."

ಸಂಜೆಯ ಹೊತ್ತಿಗೆ ಬಿಪಿ 100 ದಾಟಿತ್ತು.

ಅವತ್ತಿನಿಂದ ನನ್ನ ತಲೆಯಲ್ಲಿ ಅದೊಂದೇ ಓಡುತ್ತಿದೆ. ಹಾಲು ಬಂದಿತ್ತಾ? ಮೂರು ಪ್ರಶ್ನೆಗೆ ಒಂದು ನಿಮಿಷವೂ ಹಿಡಿದಿರಲಿಲ್ಲ. ಅಜ್ಜಿ ಹೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ. ಹಾಲು ಬರದ ಕಥೆಯನ್ನು ಅಜ್ಜಿ ಮದುವೆ, ನಾಮಕರಣ, ತಿಥಿ ಎಲ್ಲದರಲ್ಲೂ ಹೇಳಿದ್ದಾಳೆ. ಆದರೆ ಅದು ಬರೀ ದೂರು ಆಗಿತ್ತು. ಮಗುವಿಗೆ ಹಾಲು ಕೊಡದ ಸೊಸೆ, ಸಾಕಿದ ತಾನು. ಅದನ್ನೇ ರೋಗದ ಗುರುತು ಅಂತ ಕೇಳಿಸಿಕೊಂಡವರು ಇವರೇ ಮೊದಲು.

ಕಾಯಿಲೆಯ ಹೆಸರು ಶೀಹನ್ ಸಿಂಡ್ರೋಮ್. ಡಾಕ್ಟರಮ್ಮ ಚೀಟಿಯ ಹಿಂದೆ ಚಿತ್ರ ಬರೆದು ಹೇಳಿದ್ದು, ಆಮೇಲೆ ನಾನು ಓದಿಕೊಂಡಿದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ.

ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಬೇಕು. ಮುದುಡಿದಾಗ ಅದರ ಸ್ನಾಯುಗಳೇ ರಕ್ತನಾಳಗಳನ್ನು ಹಿಸುಕಿ ಮುಚ್ಚುತ್ತವೆ. ಮಾಸು ಒಳಗೇ ಉಳಿದರೆ ಅದು ಸರಿಯಾಗಿ ಮುದುಡೋದಿಲ್ಲ. ತುಂಬು ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಅದು ಹೊರಗೆ ಬರೋಕೆ ಶುರುವಾದರೆ ಎಷ್ಟು ಬೇಗ ಬರಿದಾಗಬಹುದು ನೀವೇ ಯೋಚಿಸಿ. ಬಸುರಿಯ ಮೈಯಲ್ಲಿ ರಕ್ತ ಮೊದಲಿಗಿಂತ ನೂರಕ್ಕೆ ನಲವತ್ತು ಐವತ್ತರಷ್ಟು ಜಾಸ್ತಿ ಇರುವುದರಿಂದ ಒಂದು ಲೀಟರ್ ಹೋದರೂ ಬಿಪಿ ಸರಿಯಾಗೇ ಕಾಣಬಹುದು. ನಾಡಿ ಮಾತ್ರ ಓಡುತ್ತಿರುತ್ತದೆ. ದೇಹ ಚರ್ಮಕ್ಕೆ, ಕರುಳಿಗೆ, ಕಿಡ್ನಿಗೆ ರಕ್ತ ಕಡಿಮೆ ಮಾಡಿ ಹೃದಯಕ್ಕೂ ಮೆದುಳಿಗೂ ಉಳಿಸಿಕೊಡುತ್ತದೆ. ಕೈ ತಣ್ಣಗಾಗೋದು, ಉಚ್ಚೆ ಕಟ್ಟೋದು ಅದಕ್ಕೇ. ಒಂದು ಹಂತದವರೆಗೆ ಈ ಲೆಕ್ಕಾಚಾರ ನಡೆಯುತ್ತದೆ. ಆಮೇಲೆ ಬಿಪಿ ಒಮ್ಮೆಲೇ ಕುಸಿಯುತ್ತದೆ.

ಈಗ ವಿಚಿತ್ರ ನೋಡಿ. ಮೆದುಳಿನ ಬುಡದಲ್ಲೇ, ಮೂಳೆಯ ಸಣ್ಣ ಗೂಡಿನಲ್ಲಿ ಪಿಟ್ಯುಟರಿ ಗ್ರಂಥಿ ಕೂತಿದೆ. ಕಡಲೆಕಾಳಿನಷ್ಟು. ಬಸುರಿಯಲ್ಲಿ ಹಾಲಿನ ಹಾರ್ಮೋನ್ ತಯಾರಿಸಬೇಕಲ್ಲ, ಅದಕ್ಕೆ ಅದು ಊದಿಕೊಳ್ಳುತ್ತದೆ. ಗೂಡು ಮಾತ್ರ ದೊಡ್ಡದಾಗಲ್ಲ. ಅದರ ಮುಂಭಾಗಕ್ಕೆ ರಕ್ತ ನೇರವಾಗಿ ಬರೋದೂ ಇಲ್ಲ. ಮೇಲೆ ಮೆದುಳಿನ ಹೈಪೋಥಲಾಮಸ್ ಅನ್ನೋ ಭಾಗದಲ್ಲಿ ಹರಿದು ಉಳಿದದ್ದು, ಒತ್ತಡ ಕಡಿಮೆ ಇರುವ ಸಣ್ಣ ರಕ್ತನಾಳಗಳಲ್ಲಿ ಇಳಿದು ಬರುತ್ತದೆ. ನಾಲೆಯ ಕೊನೇ ಗದ್ದೆ ಇದ್ದ ಹಾಗೆ, ಮೇಲೆ ನೀರು ಕಡಿಮೆಯಾದರೆ ಮೊದಲು ಒಣಗೋದೇ ಅದು. ಬಿಪಿ ಕುಸಿದ ಹೊತ್ತಿನಲ್ಲಿ ಚಿಕ್ಕಮ್ಮನ ಜೀವ ಉಳಿಯಿತು, ಪಿಟ್ಯುಟರಿಯ ಬಹುಪಾಲು ಸತ್ತುಹೋಯಿತು. ಸ್ಕ್ಯಾನಿಂಗ್‌ನಲ್ಲಿ ಆ ಗೂಡು ಖಾಲಿ ಕಾಣುತ್ತಿದೆ.

ಅದರಿಂದ ಆಚೆಗಿನ ಅವಳ ಸಂಸಾರವೆಲ್ಲ ಆ ಖಾಲಿ ಗೂಡಿನ ಕಥೆ. ಹಾಲಿನ ಹಾರ್ಮೋನ್ ಇಲ್ಲ, ಹಾಲು ಬರಲಿಲ್ಲ. ಮುಟ್ಟಿನದು ಇಲ್ಲ, ಮುಟ್ಟು ನಿಂತಿತು. ಎರಡನೇ ಮಗುವಿಗೆ ಅಂತ ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತರು, ನಾಗನ ಪ್ರತಿಷ್ಠೆ ಮಾಡಿಸಿದರು. ಮುಟ್ಟೇ ಆಗದವಳಿಗೆ ಮಗು ಹೇಗಾದೀತು ಅಂತ ಒಬ್ಬರಾದರೂ ಕೇಳಿದರಾ? ಅವಳೂ ಹೇಳಲಿಲ್ಲ. ಕಾಟ ತಪ್ಪಿತು ಅಂದುಕೊಂಡಿದ್ದಳಂತೆ. ಥೈರಾಯ್ಡನ್ನು ಎಬ್ಬಿಸುವ ಹಾರ್ಮೋನ್ ಇಲ್ಲ, ಅದಕ್ಕೇ ಬೇಸಿಗೆಯಲ್ಲೂ ಸ್ವೆಟರ್, ಮಲಬದ್ಧತೆ, ನಿಧಾನ. "ನಮ್ಮ ಚಿಕ್ಕಮ್ಮ ಮಧ್ಯಾಹ್ನ ಮಲಗಿದರೆ ದೀಪ ಹಚ್ಚೋ ಹೊತ್ತಿಗೇ ಏಳೋದು" ಅನ್ನೋದು ಮನೆಯ ತಮಾಷೆ. ಸೋಮಾರಿ ಅನ್ನೋ ಮಾತನ್ನು ಅಜ್ಜಿ ಎಷ್ಟು ಸಲ ಅಂದಿದ್ದಾಳೋ.

ಸುಸ್ತು ಅಂತ ಒಂದೆರಡು ಕಡೆ ತೋರಿಸಿದ್ದೂ ಉಂಟು. ಟಿಎಸ್‌ಎಚ್, ಅಂದರೆ ಥೈರಾಯ್ಡನ್ನು ಎಬ್ಬಿಸುವ ಆ ಹಾರ್ಮೋನ್‌ನ ಪರೀಕ್ಷೆ ಬರೆದರು, ನಾರ್ಮಲ್ ಬಂತು, ಥೈರಾಯ್ಡ್ ಇಲ್ಲ ಹೋಗಮ್ಮ ಅಂದರು. ಡಾಕ್ಟರಮ್ಮನಿಗೆ ನಿಜಕ್ಕೂ ಸಿಟ್ಟು ಬಂದಿದ್ದು ಆ ಹಳೇ ರಿಪೋರ್ಟ್ ನೋಡಿದಾಗ. ಟಿಎಸ್‌ಎಚ್ ಬರೋದೇ ಪಿಟ್ಯುಟರಿಯಿಂದ. ಥೈರಾಯ್ಡ್ ಗ್ರಂಥಿ ಕೆಟ್ಟರೆ ಪಿಟ್ಯುಟರಿ ಕೂಗಿಕೊಳ್ಳುತ್ತದೆ, ಟಿಎಸ್‌ಎಚ್ ಏರುತ್ತದೆ. ಕೂಗಬೇಕಾದದ್ದೇ ಕೆಟ್ಟರೆ? ಆಗ ಅದು ನಾರ್ಮಲ್ ಅಂತಲೇ ಕಾಣಬಹುದು. ಥೈರಾಯ್ಡ್ ಗ್ರಂಥಿಯೇ ತಯಾರಿಸುವ ಟಿ4 ಹಾರ್ಮೋನನ್ನೂ ನೋಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಎಲ್ಲಕ್ಕಿಂತ ಅಪಾಯ ಕಾರ್ಟಿಸಾಲ್‌ನದು. ಬಿಪಿ, ಸಕ್ಕರೆ ಹಿಡಿದಿಡುವ ಹಾರ್ಮೋನ್ ಅದು. ಪಿಟ್ಯುಟರಿ ಹೇಳದಿದ್ದರೆ ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿ ಅದನ್ನು ಸಾಕಷ್ಟು ತಯಾರಿಸಲ್ಲ. ಸುಮ್ನೆ ಮನೆಯಲ್ಲಿದ್ದಾಗ ಹೇಗೋ ನಡೆಯುತ್ತದೆ. ಜ್ವರ, ಭೇದಿ, ಆಪರೇಷನ್ ಅಂತ ಬಂದಾಗ ದೇಹ ಹಲವು ಪಟ್ಟು ಕೇಳುತ್ತದೆ, ಕೊಡೋಕೆ ಇರಲ್ಲ. ಕಾರ್ಟಿಸಾಲ್ ಇಲ್ಲದೆ ರಕ್ತನಾಳಗಳು ಬಿಗಿಯಾಗೋಲ್ಲ. ಅದಕ್ಕೇ ಅಷ್ಟು ಸಲೈನ್ ಹೋದರೂ ಬಿಪಿ ಏರಲಿಲ್ಲ, ಅದಕ್ಕೇ ಸಕ್ಕರೆ ಇಳಿಯಿತು, ಸೋಡಿಯಂ ಕರಗಿತು. ಡಾಕ್ಟರಮ್ಮ ಕೊಡಿಸಿದ ಹೈಡ್ರೋಕಾರ್ಟಿಸೋನ್ ಅದೇ ಕಾರ್ಟಿಸಾಲ್, ಔಷಧಿಯ ರೂಪದಲ್ಲಿ. ಅಂದು ರಕ್ತ ಹೋಗಿ ಶಾಕ್ ಆದವಳಿಗೆ, ಅದೇ ಶಾಕ್ ಮಾಡಿದ ಗಾಯದಿಂದ ಈ ವಾರ ಇನ್ನೊಂದು ಶಾಕ್. ನಡುವೆ ಒಂದು ಮಗು ಬೆಳೆದು ಮೀಸೆ ಬಿಟ್ಟಿದೆ.

ಹೆರಾಲ್ಡ್ ಶೀಹನ್ 1937ರಲ್ಲಿ ಇದನ್ನು ವಿವರವಾಗಿ ಬರೆದ. ಗ್ಲಾಸ್ಗೋದ ಹೆರಿಗೆ ಆಸ್ಪತ್ರೆಯಲ್ಲಿ ತೀರಿಕೊಂಡ ಬಾಣಂತಿಯರ ಶವಪರೀಕ್ಷೆ ಮಾಡುತ್ತಿದ್ದವನು. ಅವನಿಗಿಂತ ಮೊದಲೇ, 1913ರಲ್ಲಿ, ಪೋಲೆಂಡಿನ ಗ್ಲಿನ್‌ಸ್ಕಿ ಕಂಡು ಬರೆದಿದ್ದನಂತೆ, ಹೆಸರು ಮಾತ್ರ ಇವನಿಗೆ ಬಂತು. ಶ್ರೀಮಂತ ದೇಶಗಳಲ್ಲಿ ಈಗ ಇದು ಅಪರೂಪ. ನಮ್ಮಲ್ಲಿ ಹಾಗಿಲ್ಲ. ಕಾಶ್ಮೀರ ಕಣಿವೆಯಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆತ್ತ ಹೆಂಗಸರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಇದು ಇತ್ತು. ಅವರಲ್ಲಿ ಹೆಚ್ಚಿನವರಿಗೆ ಹೆರಿಗೆ ಆಗಿದ್ದು ಮನೆಯಲ್ಲೇ.

ಚಿಕ್ಕಮ್ಮನಿಗೂ ಅಷ್ಟೇ. ತವರಿಗೆ ಹೊರಡುವ ಮುಂಚೆಯೇ ನೋವು ಬಂದು, ಗಂಡನ ಮನೆಯ ನಡುಮನೆಯಲ್ಲೇ ಹೆತ್ತವಳು. ಸೂಲಗಿತ್ತಿಯನ್ನು ಬೈಯೋಕೆ ನನಗೆ ಬಾಯಿ ಬರಲ್ಲ. ಜೀಪು ಸಿಗುವವರೆಗೂ ಹೊಟ್ಟೆ ಅಮುಕಿ ತಿಕ್ಕುತ್ತಲೇ ಇದ್ದಳಂತೆ, ಗರ್ಭಕೋಶ ಮುದುಡಲಿ ಅಂತ. ಆಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಹಾಕಿ, ವಾರಕ್ಕೆ ಕಳಿಸಿದರು. ಎಷ್ಟು ರಕ್ತ ಹೋಯಿತು ಅಂತ ಯಾವ ಕಾಗದದಲ್ಲೂ ಇಲ್ಲ. ಇರೋದು ಅಜ್ಜಿಯ ಮೂರು ಸೀರೆ ಲೆಕ್ಕ ಮಾತ್ರ.

ಆ ಲೆಕ್ಕಕ್ಕೆ ನಾನು ನಗೋದಿಲ್ಲ. ಕಲಿತವರ ಕಣ್ಣಂದಾಜೂ ಇದರಲ್ಲಿ ಸೋತಿದೆ. ನಮ್ಮ ಬೆಳಗಾವಿಯಲ್ಲೇ, ಅಲ್ಲಿನ ವೈದ್ಯರೂ ಅಮೆರಿಕದವರೂ ಸೇರಿ ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ ಒಂದನ್ನು ಮಾಡಿದರು. ಅದರ ತುದಿಯಲ್ಲಿ ಚೀಲ, ಚೀಲದ ಮೇಲೆ ಅಳತೆಯ ಗೆರೆ. ಅದರಲ್ಲಿ ಅಳೆದು ನೋಡಿದರೆ, ಕಣ್ಣಂದಾಜು ಮೂರನೇ ಒಂದರಷ್ಟು ಕಡಿಮೆ ಬರುತ್ತಿತ್ತು! ಅದೇ ಜಿಲ್ಲೆಯ ಹಳ್ಳಿಗಳಲ್ಲಿ ಕಿರಿಯ ಆರೋಗ್ಯ ಸಹಾಯಕಿಯರು ಗರ್ಭಕೋಶ ಮುದುಡಿಸುವ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟು, ಈ ಚೀಲದಲ್ಲಿ ಅಳೆದರು. ಅರ್ಧ ಲೀಟರ್ ದಾಟಿ ರಕ್ತ ಹೋಗುವವರ ಪ್ರಮಾಣ ನೂರಕ್ಕೆ 12ರಿಂದ 6ರ ಹತ್ತಿರಕ್ಕೆ ಇಳಿಯಿತು. 2006ರಲ್ಲಿ ಪ್ರಕಟವಾಯಿತು. ಚಿಕ್ಕಮ್ಮ ಹೆತ್ತಿದ್ದು ಅದಾದ ಮೇಲೆ. ಒಂದು ಪ್ಲಾಸ್ಟಿಕ್ ಚೀಲ ಬೆಳಗಾವಿಯಿಂದ ನಮ್ಮ ತಿಪಟೂರು ಕಡೆಯ ಹಳ್ಳಿಗೆ ಬರೋಕೆ ಎಷ್ಟು ವರ್ಷ ಬೇಕು?

ಅಳೆಯೋದಂತೂ ಇರಲಿ, ಕೇಳೋದಕ್ಕೇನು ಖರ್ಚು? ಹೆರಿಗೆಯಾದರೆ "ತಾಯಿ ಮಗು ಕ್ಷೇಮ" ಅಂತ ಫೋನ್ ಮಾಡಿ ಮುಗಿಸುತ್ತೇವೆ. ಆಮೇಲೆ ಎಲ್ಲರೂ ಮಗುವಿನ ತೂಕ ಕೇಳುವವರೇ. ತಾಯಿಗೆ ರಕ್ತ ಹಾಕಿದ್ದಾರೆ ಅನ್ನೋದು ತಿಂಗಳಿಗೆ ಮರೆತುಹೋಗುತ್ತದೆ. ರಕ್ತ ಜಾಸ್ತಿ ಹೋಗಿತ್ತು, ಹಾಲು ಬರಲಿಲ್ಲ, ಮುಟ್ಟು ತಿರುಗಿ ಬರಲಿಲ್ಲ. ಈ ಮೂರೂ ನಮ್ಮ ಮನೆಯಲ್ಲಿ ಬೇರೆ ಬೇರೆಯಾಗಿ ಇದ್ದವು. ಒಂದು ಅಜ್ಜಿಯ ದೊಡ್ಡಸ್ತಿಕೆಯ ಕಥೆ, ಒಂದು ಸೊಸೆಯ ಮೇಲಿನ ದೂರು, ಒಂದು ಚಿಕ್ಕಮ್ಮನ ಗುಟ್ಟು.

ಚಿಕಿತ್ಸೆ ಸಲೀಸು, ದುಬಾರಿಯೂ ಅಲ್ಲ. ಮೊದಲು ಕಾರ್ಟಿಸಾಲ್ ಬದಲಿಗೆ ಸ್ಟಿರಾಯ್ಡ್ ಮಾತ್ರೆ, ಆಮೇಲೆ ಥೈರಾಯ್ಡಿನದು. ಈ ಕ್ರಮ ತಿರುಗಾಮುರುಗಾ ಆಗಬಾರದು. ಕಾರ್ಟಿಸಾಲ್ ಇಲ್ಲದವರಿಗೆ ಬರೀ ಥೈರಾಯ್ಡ್ ಮಾತ್ರೆ ಕೊಟ್ಟರೆ ಇದ್ದಬದ್ದ ಕಾರ್ಟಿಸಾಲೂ ಬೇಗ ಖರ್ಚಾಗಿ ಮತ್ತೆ ಶಾಕ್ ಆಗಬಹುದು. ಜ್ವರ ಬಂದರೆ ಸ್ಟಿರಾಯ್ಡ್ ಡಬಲ್, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್. "ಎಷ್ಟು ದಿನದ ಕೋರ್ಸು ಮೇಡಂ?" ಅಂತ ಚಿಕ್ಕಪ್ಪ ಕೇಳಿದ. ಸ್ಟಿರಾಯ್ಡ್ ಅಂದರೆ ಅವನಿಗೆ ಟಿವಿಯಲ್ಲಿ ನೋಡಿದ ಭಯ. "ಊಟ ಎಷ್ಟು ದಿನದ ಕೋರ್ಸು?" ಅಂದರು ಡಾಕ್ಟರಮ್ಮ. ಬಾಯಿ ಮುಚ್ಚಿಕೊಂಡ.

ಮುಟ್ಟು ಬರೋಕೂ ಮಾತ್ರೆ ಇದೆಯಂತೆ, ವಯಸ್ಸು ಇನ್ನೂ ನಲವತ್ತು ಆಗಿಲ್ಲವಲ್ಲ. ಅದನ್ನು ಕೇಳಿದ್ದೇ ಚಿಕ್ಕಮ್ಮ ಎದ್ದು ಕೂತು, "ಅದೊಂದು ಬೇಡ ಮೇಡಂ" ಅಂದಳು. ಮೂಳೆ ಸವೆಯುತ್ತದೆ ಕಣಮ್ಮ ಅಂತ ಡಾಕ್ಟರಮ್ಮ ವಿವರಿಸೋಕೆ ಶುರು ಮಾಡಿದರು, ಇವಳು ಒಪ್ಪಲಿಲ್ಲ. ಸ್ಕ್ಯಾನ್ ಮಾಡಿ ಮೂಳೆ ನೋಡಿದ ಮೇಲೆ ಮಾತಾಡೋಣ ಅಂತ ಮುಂದಿನ ತಿಂಗಳಿಗೆ ಚೀಟಿ ಬರೆದುಕೊಟ್ಟಿದ್ದಾರೆ.